ಅರ್ಮೇನಿಯಾದ ಒಲೆಗೆ ಒಂದೆಳೆ ರಂಗೋಲಿ

ನಮ್ಮ ಅತ್ತಿಗೆಯ ಕೈಗೆ ಮಾತ್ರ ಯಾರೂ ಪೊರಕೆ ಕೊಡಬಾರದು. ಕೊಟ್ಟರೆ ಇತಿಹಾಸವೇ ಉಳಿಯುವುದಿಲ್ಲ! ಉತ್ಪ್ರೇಕ್ಷೆ ಎಂದುಕೊಂಡಿರಾ? ಇರಿ, ಹೇಳುತ್ತೇನೆ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಮದುವೆಯ ತಂಟೆಗೆ ಹೋದವರಲ್ಲ. ಅಮೆರಿಕದ ರಾಕ್‌ವಿಲ್‌ನ ಒಂದು ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು, ಕೋವಿಡ್ ಗಲಾಟೆ ಮುಗಿದ ಮೇಲೆ ರಿಟೈರ್ ಆದವರು. ಅವರ ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರಿಗೂ ವಾರಕ್ಕೊಮ್ಮೆ ಅಭ್ಯಂಜನ. ಇಂಥವರು ಒಂದು ಭಾನುವಾರ ಫೋನ್ ಮಾಡಿ, "ಅರ್ಮೇನಿಯಾದಲ್ಲಿ ಪುರಾತತ್ವದವ್ರ ಜೊತೆ ಮಣ್ಣು ಅಗೆಯೋಕೆ ಹೋಗ್ತಿದೀನಿ, ವಾಲಂಟಿಯರ್ ಆಗಿ. ಅಪ್ಲೈ ಮಾಡಿದ್ದೆ, ಸೆಲೆಕ್ಟ್ ಮಾಡಿದಾರೆ," ಎಂದರು.

"ಅಕ್ಕಾ, ಕೈಯಿಂದ ಟಿಕೆಟ್ ದುಡ್ಡು ಹಾಕ್ಕೊಂಡು ಹೋಗಿ ಕೂಲಿ ಮಾಡ್ತೀಯಾ?" ಎಂದರು ನನ್ನವರು.

"ಹೂಂ ಕಣೋ. ಮೂವತ್ತು ವರ್ಷ ಬೇರೆಯವ್ರು ಹೇಳಿದ್ ಕೆಲ್ಸ ಮಾಡಿದೀನಿ. ಇದು ನಾನೇ ಆಸೆಪಟ್ಟಿದ್ದು."

ಒಬ್ಬರನ್ನೇ ಕಳಿಸಲು ಧೈರ್ಯ ಸಾಲದೆ ನನ್ನವರು ನನ್ನ ಹೆಸರನ್ನೂ ಸೇರಿಸಿ ನನ್ನನ್ನು ಕಾವಲಿಗೆ ಕಳಿಸಿದರು. ಪುರಾತತ್ವಕ್ಕೂ ನನಗೂ ಏನು ಸಂಬಂಧ? ಆದರೆ ಕೇಳುವವರು ಯಾರು!

ಬೆಟ್ಟದ ಮೇಲಿನ ಆ ಹಳ್ಳಿಯಲ್ಲಿ ನಾವು ಇಳಿದುಕೊಂಡ ಮನೆಯ ಅಜ್ಜಿಗೆ ಅರ್ಮೇನಿಯನ್ ಬಿಟ್ಟು ಬೇರೆ ಭಾಷೆ ಬಾರದು. ಅತ್ತಿಗೆ ಅವರೊಂದಿಗೆ ಧಾರಾಳವಾಗಿ ಕನ್ನಡದಲ್ಲೇ ಮಾತಾಡಿದರು. ಎರಡೇ ದಿನದಲ್ಲಿ ಅಜ್ಜಿಗೆ ಸೊಸೆಯ ಮೇಲೆ ಏನೇನು ಸಿಟ್ಟಿದೆ ಎಂಬುದೆಲ್ಲ ಇವರಿಗೆ ಗೊತ್ತಾಗಿತ್ತು!

"ಅದು ಹೇಗೆ ಅತ್ತಿಗೆ?"

"ಮುಖ ನೋಡಿದ್ರೆ ಗೊತ್ತಾಗಲ್ವೇನೇ?"

ಅಜ್ಜಿ ಸುಟ್ಟ ತೆಳ್ಳನೆಯ ಲವಾಶ್ ರೊಟ್ಟಿಗೆ ಬೆಣ್ಣೆ ಸವರಿ, ಚಟ್ನಿಪುಡಿ ಉದುರಿಸಿ, ಸುರುಳಿ ಸುತ್ತಿ ಅತ್ತಿಗೆ ಅಗೆಯುವ ತಂಡಕ್ಕೆಲ್ಲ ಹಂಚಿದರು. ಒಂದು ತಿಂಗಳಿಗೆಂದು ತಂದ ಚಟ್ನಿಪುಡಿ ಮೂರನೆಯ ದಿನಕ್ಕೇ ಖಾಲಿ.

ಇನ್ನು ಕೆಲಸ. ದಾರ ಕಟ್ಟಿ ನೆಲವನ್ನು ಚೌಕಗಳಾಗಿ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಚೌಕ ಕೊಟ್ಟಿದ್ದರು. ಕೈಯಲ್ಲೊಂದು ಕರಣೆ, ಒಂದು ಬ್ರಷ್. ದಿನವಿಡೀ ಧೂಳು ಒರೆಸುವುದೇ ಕೆಲಸ ಎಂದಾಗ ಅತ್ತಿಗೆಯ ಮುಖ ನೋಡಬೇಕಿತ್ತು! ನನ್ನ ಚೌಕದಲ್ಲಿ ಕಲ್ಲಿನ ಮೇಲೆ ಕಲ್ಲು. ಅವರ ಚೌಕದಲ್ಲಿ ಐದನೆಯ ದಿನ ಒಂದು ಒಲೆಯೇ ಸಿಕ್ಕಿತು, ಒಳಗೆ ಬೂದಿಯ ಸಮೇತ. ಮೂರು ಸಾವಿರ ವರ್ಷ ಹಳೆಯದಿರಬಹುದು ಎಂದು ತಂಡದ ಮುಖ್ಯಸ್ಥೆ ಅತ್ತಿಗೆಯನ್ನು ತಬ್ಬಿಕೊಂಡರು.

ಮರುದಿನ ಬೆಳಗ್ಗೆ ಅದೇ ಮುಖ್ಯಸ್ಥೆ ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ಎಲ್ಲರಿಗಿಂತ ಮೊದಲೇ ಎದ್ದುಹೋದ ಅತ್ತಿಗೆ ಒಲೆಯ ಬೂದಿ ಬಳಿದು, ಸುತ್ತ ಗುಡಿಸಿ, ಅಕ್ಕಿರೊಟ್ಟಿಗೆಂದು ತಂದಿದ್ದ ಹಿಟ್ಟಿನಲ್ಲಿ ಒಂದೆಳೆ ರಂಗೋಲಿ ಹಾಕಿ, ಕೈಕಟ್ಟಿ ನಿಂತಿದ್ದರು.

"ಬೂದಿಯನ್ನು ಪರೀಕ್ಷೆಗೆ ಕಳಿಸಬೇಕಿತ್ತು!" ಎಂದು ಇಂಗ್ಲಿಷಿನಲ್ಲಿ ಕೂಗಿದರು ಮುಖ್ಯಸ್ಥೆ. "ಈಗ ಈ ಬೆಟ್ಟದಲ್ಲಿ ಅಕ್ಕಿ ಬೆಳೆಯುತ್ತಿದ್ದರು ಅಂತ ರಿಪೋರ್ಟ್ ಬರುತ್ತದೆ!"

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. "ಅತ್ತಿಗೆ, ಲ್ಯಾಬಲ್ಲಿ ಮೂವತ್ತು ವರ್ಷ ಇದ್ದೋರು ನೀವು!"

"ಲ್ಯಾಬಲ್ಲಿ ಒಲೆ ಇರ್ಲಿಲ್ಲ ಕಣೇ," ಎಂದರು ಸಣ್ಣಗೆ.

ಶಿಕ್ಷೆಯಾಯಿತು. ಚೌಕಕ್ಕೆ ಕಾಲಿಡುವಂತಿಲ್ಲ, ಮರದ ಕೆಳಗೆ ಕುಳಿತು ತಂಡದ ಚಹಾ ಪಾತ್ರೆ ತೊಳೆಯಬೇಕು. ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ನನ್ನ ಚೌಕದಲ್ಲಿ ಯಾರಿದಾರೆ? ನಿಧಾನಕ್ಕೆ ಒರೆಸ್ತಿದಾರಾ?" ಎಂದು ಸಂಜೆ ನನ್ನನ್ನೇ ಕೇಳುವರು. ವಾಪಸ್ ಟಿಕೆಟ್ ಬದಲಾಯಿಸಲೇ ಎಂದರೆ ತೊಳೆದ ಲೋಟವನ್ನೇ ಮತ್ತೆ ತೊಳೆಯುವರು. ಅವರನ್ನು ಅಷ್ಟು ಸಪ್ಪಗೆ ನಾನು ಎಂದೂ ಕಂಡಿರಲಿಲ್ಲ.

ಮೂರನೆಯ ದಿನ ಚಹಾ ಪಾತ್ರೆಯ ತಳ ಸೀದಿತ್ತು. ಅತ್ತಿಗೆ ಬ್ಯಾಗಿನಿಂದ ಒಂದು ಜಿಪ್‌ಲಾಕ್ ಕವರ್ ತೆಗೆದರು. ಒಳಗೆ ಬೂದಿ! ಚಹಾಕ್ಕೆಂದು ಬಂದ ಮುಖ್ಯಸ್ಥೆ ಓಡಿಬಂದು ಕವರ್ ಕಿತ್ತುಕೊಂಡರು.

"ಒಲೆ ಬೂದಿನ ಯಾರಾದ್ರೂ ಎಸೀತಾರಾ? ಪಾತ್ರೆ ತಿಕ್ಕೋಕೆ ಇರ್ಲಿ ಅಂತ ಎತ್ತಿಟ್ಟಿದ್ದೆ. ಒಲೆಯಿಂದ ತೆಗೆದ್ಮೇಲೆ ಪರೀಕ್ಷೆಗೆ ಬರಲ್ಲ ಅಂದ್ಕೊಂಡೆ," ಎಂದು ಅತ್ತಿಗೆ ಮುಖ್ಯಸ್ಥೆಯತ್ತ ನೋಡಲೂ ನಾಚಿ ನನಗೆ ಹೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಬೂದಿ ತೆಗೆದದ್ದು ರಂಗೋಲಿಗಿಂತ ಮೊದಲೇ ತಾನೇ? ಅಕ್ಕಿಹಿಟ್ಟು ಸೋಕಿರಲಿಲ್ಲ. ಎಲ್ಲಿಂದ ಬಳಿದದ್ದು ಎಂದು ಅತ್ತಿಗೆ ಲ್ಯಾಬಿನ ಅಭ್ಯಾಸಬಲದಿಂದ ಕವರಿನ ಮೇಲೆ ಬರೆದೂ ಇಟ್ಟಿದ್ದರು. ಮುಖ್ಯಸ್ಥೆ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕರಣೆಯನ್ನು ಮತ್ತೆ ಅತ್ತಿಗೆಯ ಕೈಗಿತ್ತರು. ಸೀದ ಪಾತ್ರೆಯನ್ನು ನಾನು ತಿಕ್ಕಿದೆ.

ಕೊನೆಯ ದಿನ, ಚಳಿಗಾಲದ ಹಿಮಕ್ಕೆ ಹಾಳಾಗದಿರಲೆಂದು, ಅಗೆದದ್ದನ್ನೆಲ್ಲ ಮತ್ತೆ ಮುಚ್ಚಬೇಕು. ಎಲ್ಲರೂ ಸಲಿಕೆ ಹಿಡಿದು ನಿಂತರೆ ಅತ್ತಿಗೆ ಗುಂಡಿಗಿಳಿದು ಒಲೆಯ ಪಕ್ಕದಲ್ಲಿ ಕುಳಿತುಬಿಟ್ಟರು.

"ಏಳಿ ಅತ್ತಿಗೆ, ಕಾಯ್ತಿದಾರೆ."

"ಐದ್ ನಿಮಿಷ ನೀನೂ ಬಾರೇ. ಈ ಒಲೆ ಹಚ್ಚಿದವಳ ಅಡುಗೆಮನೇಲಿ ಯಾರಾದ್ರೂ ಕೂತು ಎಷ್ಟು ಕಾಲ ಆಯ್ತೋ ಪಾಪ. ಒಬ್ಬೊಬ್ರೇ ಇರೋರ ಮನೇಗೆ ಜನ ಬರೋದೇ ಕಮ್ಮಿ."

ನಗಲು ಹೊರಟವಳು ಸಲಿಕೆ ಕೆಳಗಿಟ್ಟೆ. ಎಲಿಕಾಟ್ ಸಿಟಿಯ ನಮ್ಮ ಮನೆಯಿಂದ ಅತ್ತಿಗೆಯ ಮನೆಗೆ ಮುಕ್ಕಾಲು ಗಂಟೆಯ ಡ್ರೈವ್. ಹಬ್ಬಕ್ಕೊಮ್ಮೆ ಹೋಗಿ, ಒಬ್ಬಟ್ಟಿನ ಡಬ್ಬಿಯನ್ನು ಬಾಗಿಲಲ್ಲೇ ಕೊಟ್ಟು, "ಟ್ರಾಫಿಕ್ ಆಗತ್ತೆ ಅತ್ತಿಗೆ" ಎಂದು ಹೊರಡುವವಳು ನಾನು. ಅವರ ಅಡುಗೆಮನೆಯಲ್ಲಿ ಕುಳಿತದ್ದು ಯಾವಾಗ? ನೆನಪಾಗಲೇ ಇಲ್ಲ. ಅಷ್ಟು ದೂರ ಬಂದು ನನಗೆ ನಾಚಿಕೆಯಾಯಿತು.

ಗುಂಡಿಗಿಳಿದು ಅವರಿಗೆ ಅಂಟಿಕೊಂಡು ಕುಳಿತೆ. ಮುಖ್ಯಸ್ಥೆ ನಮ್ಮಿಬ್ಬರನ್ನೂ ನೋಡಿ, ಸಲಿಕೆಯವರನ್ನೆಲ್ಲ ಚಹಾಕ್ಕೆ ಕಳಿಸಿದರು.

"ಹೂಂ, ಹೇಳು. ಏನ್ ಸಮಾಚಾರ?" ಎಂದರು ಅತ್ತಿಗೆ, ಮನೆಗೆ ಬಂದವರನ್ನು ಕೇಳುವಂತೆ. ಅವರ ಮಣ್ಣುಗೈಯನ್ನು ಹಿಡಿದುಕೊಂಡು ಹೇಳತೊಡಗಿದೆ.