ತಣ್ಣಪ್ಪನ ನೀರಡಿಯ ನೆಮ್ಮದಿ

ಎಲ್ಲಕ್ಕೂ ಕಾರಣ ಒಂದು ರಬ್ಬರಿನ ಅಂಗಿ. ಕಡಲಲ್ಲಿ ಮುಳುಗುವವರು ತೊಡುತ್ತಾರಲ್ಲ, ಕುತ್ತಿಗೆಯಿಂದ ಹಿಮ್ಮಡಿವರೆಗೆ ಒಂದೇ ತುಂಡಾಗಿರುವ ಕಪ್ಪು ಅಂಗಿ, ಅದು. ತಣ್ಣಪ್ಪ ಅದನ್ನು ಬಾಲ್ಕನಿಯಲ್ಲಿ ನೇತುಹಾಕಿ ಮಲಗಿದ್ದ. ಭಾನುವಾರ ಬೆಳಿಗ್ಗೆ ಎದುರುಮನೆಯಾಕೆ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದವಳು ತಲೆಯೆತ್ತಿ ನೋಡಿ, "ಕಳ್ಳ! ನಿಮ್ಮ ಬಾಲ್ಕನೀಲಿ ಕಳ್ಳ ನಿಂತಿದಾನೆ!" ಎಂದು ಇಡೀ ಬೀದಿ ಏಳುವಂತೆ ಕಿರುಚಿದಳು.

ಮಗಳ ಮನೆಗೆ ಎರಡು ದಿನದ ಮಟ್ಟಿಗೆ ಬಂದಿದ್ದ ಮಾವನವರು ಛತ್ರಿ ಹಿಡಿದು ನುಗ್ಗಿದರು. ಅವರು ನಿವೃತ್ತ ಸ್ಟೇಷನ್ ಮಾಸ್ಟರ್. ಆರು ಏಟು ಹಾಕಿದ ಮೇಲೂ ಕಳ್ಳ ತುಟಿಪಿಟಕ್ಕೆನ್ನದಿದ್ದಾಗ ಅವರಿಗೆ ಅನುಮಾನ ಬಂತು.

"ಅಳಿಯಂದಿರೇ, ಏನಿದು?"

ಗುಟ್ಟು ರಟ್ಟಾಯಿತು. ತಣ್ಣಪ್ಪ ಒಂದು ವರ್ಷದಿಂದ ಭಾನುವಾರಗಳಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲಲ್ಲಿ ಮುಳುಗುತ್ತಿದ್ದದ್ದು ಮಾವನವರಿಗೆ ತಿಳಿದಿರಲಿಲ್ಲ. ಹೆಂಡತಿಗೆ ತಿಳಿದಿತ್ತು. ಆದರೆ ಅವನು ಮನೆಗೆ ಬರುವ ತನಕ ಅವಳ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

"ಅಪ್ಪಾ, ಇವತ್ತು ನೀನೇ ಹೋಗಿ ನೋಡಿಕೊಂಡು ಬಾ," ಎಂದಳು ಅವಳು. "ನೀನು ಸರಿ ಅಂದ್ರೆ ಸರಿ. ಬೇಡ ಅಂದ್ರೆ, ರೀ, ಕೇಳಿಸ್ಕೊಳ್ಳಿ, ಆ ಸಾಮಾನೆಲ್ಲ ಇವತ್ತೇ ಮನೆಯಿಂದ ಆಚೆಗೆ."

ತಣ್ಣಪ್ಪ ಬಾಲ್ಕನಿಗೆ ಹೋಗಿ ಏಟು ತಿಂದ ಅಂಗಿಯನ್ನು ತಬ್ಬಿ ಇಳಿಸಿಕೊಂಡ. ಅಲ್ಲ ಸ್ವಾಮಿ, ಅವನ ಕಷ್ಟ ನಿಮಗೂ ಗೊತ್ತಾಗಬೇಕು. ಅವನಿಗೆ ಕೆಲಸ ನೀರು ಸರಬರಾಜು ಕಚೇರಿಯ ದೂರಿನ ಕಿಂಡಿಯಲ್ಲಿ. ನಲ್ಲಿಯಲ್ಲಿ ನೀರು ಬರದವರು, ಕೆಸರು ಬಂದವರು, ಪಕ್ಕದ ಮನೆಗೆ ಜಾಸ್ತಿ ಬಂತೆಂದು ಹೊಟ್ಟೆ ಉರಿದುಕೊಂಡವರು ಎಲ್ಲರೂ ಬಂದು ಬಯ್ಯುವುದು ಅವನಿಗೇ. ಏನೆಂದರೂ ಸಿಟ್ಟಾಗದ ಕಾರಣ ಸಹೋದ್ಯೋಗಿಗಳು ಅವನಿಗೆ ತಣ್ಣಪ್ಪ ಎಂದು ಹೆಸರಿಟ್ಟರು. ಮನೆಗೆ ಬಂದರೆ ಎದುರುಮನೆಯಾಕೆಯ ಬುದ್ಧಿವಾದ, ಹೆಂಡತಿಯ ಜ್ಞಾಪಿಸುವಿಕೆ, ಫೋನಿನಲ್ಲಿ ಮಾವನವರ ಸಲಹೆ. ಭೂಮಿಯ ಮೇಲೆ ಎಲ್ಲಿ ನಿಂತರೂ ಯಾರಾದರೊಬ್ಬರು ಅವನಿಗೆ ಏನಾದರೂ ಹೇಳುತ್ತಿದ್ದರು. ನೀರಿನಡಿಯಲ್ಲಿ ಮಾತ್ರ ಯಾರೂ ಮಾತಾಡುವಂತಿಲ್ಲ. ಆ ಅರ್ಧ ಗಂಟೆಯ ಮೌನಕ್ಕಾಗಿ ಅವನು ಉಳಿದ ಆರು ದಿನ ಬದುಕುತ್ತಿದ್ದ. ಇವತ್ತು ಅದೇ ಪರೀಕ್ಷೆಗೆ ಕೂತಿತ್ತು.

ಊರ ನಡುವಿನ ದಂಡೆ ಅದು. ತಡೆಗೋಡೆಯಿಂದ ನೀರಿಗಿಳಿಯುವ ಕಲ್ಲು ಮೆಟ್ಟಿಲು, ಪಕ್ಕದಲ್ಲಿ ಗಾಳ ಹಾಕುವವರ ಸಾಲು, ಆಚೆ ಮೋಟಾರು ದೋಣಿಗಳ ಕಟ್ಟೆ. ಭಾನುವಾರವೆಂದರೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಮುಳುಗು ವಿದ್ಯೆ ಕಲಿಸುವ ಮೇಡಂ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ತಣ್ಣಪ್ಪನ ಜೊತೆಗಾರನೂ ಬಂದಿದ್ದ. ಒಬ್ಬರೇ ಮುಳುಗಬಾರದು, ಇಬ್ಬರು ಜೊತೆಯಲ್ಲೇ ಇರಬೇಕು ಎನ್ನುವುದು ಈ ವಿದ್ಯೆಯ ಮೊದಲ ನಿಯಮ. ಜೊತೆಗಾರನಿಗೆ ಕನ್ನಡಕದ ಅಂಗಡಿ ಇತ್ತು. ದಂಡೆಯ ಮೇಲೂ ಬಾಯಿ ಬಿಡದ ಮನುಷ್ಯ. ತಣ್ಣಪ್ಪನಿಗೆ ಅವನು ಇಷ್ಟವಾದದ್ದೇ ಅದಕ್ಕೆ.

ಮಾವನವರು ತಪಾಸಣೆ ಶುರುಮಾಡಿದರು. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆಯೆಂದು ತೋರಿಸುವ ಮುಳ್ಳು ನೋಡಿದರು. ಬೆಲ್ಟು ಎಳೆದರು. ನೀರಿನ ಮೇಲೆ ತೇಲಿಬಿಡುವ ಕಿತ್ತಳೆ ಬಣ್ಣದ ಬುರುಡೆ, ಅದರ ಮೇಲಿನ ಬಾವುಟ ಕಂಡು, "ಇದು ಯಾಕೆ?" ಎಂದರು.

"ಕೆಳಗೆ ಮನುಷ್ಯರಿದಾರೆ, ದೋಣಿ ದೂರ ಇರಲಿ ಅಂತ," ಎಂದಳು ಮೇಡಂ, ಕನ್ನಡಕದ ಅಂಗಡಿಯವನ ಕಡೆ ಕೈ ತೋರಿಸಿ. "ದಾರ ಇವರ ಕೈಲಿರುತ್ತೆ. ಇವರು ಹೋದ ಕಡೆ ಅದೂ ಹೋಗುತ್ತೆ."

"ಸಿಗ್ನಲ್ಲು!" ಮಾವನವರ ಮುಖ ಅರಳಿತು. ಅವರಿಗೆ ಅರ್ಥವಾಗುವ ಭಾಷೆ ಸಿಕ್ಕಿತ್ತು.

ಅಲ್ಲಿಗೆ ಇಡೀ ದಂಡೆ ಅವರ ಸ್ಟೇಷನ್ನಾಯಿತು. ಬುರುಡೆ ನೀರಿಗೆ ಬಿದ್ದದ್ದೇ ತಡ, ಒಬ್ಬ ಈಜುಗಾರ ಅದನ್ನು ತಬ್ಬಿಕೊಂಡು ದಣಿವಾರಿಸಿಕೊಳ್ಳತೊಡಗಿದ.

"ಏನ್ರೀ, ಅದು ಸಿಗ್ನಲ್ಲು ಕಣ್ರೀ, ಸೋಫಾ ಅಲ್ಲ!"

ಗಾಳದವರಿಗೆ ಪಕ್ಕಕ್ಕೆ ಸರಿಯಲು ಹೇಳಿದರು. ಹೆಚ್ಚಿನವರು ಸರಿದರು. ಟೋಪಿಯವನೊಬ್ಬ ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಅಷ್ಟರಲ್ಲಿ ಗುಂಪು ಸೇರಿತ್ತು. ಗುಂಪಿನಲ್ಲಿ ಈಜು ಬರದವರೆಲ್ಲ ತಣ್ಣಪ್ಪನಿಗೆ ಹೇಗೆ ಮುಳುಗಬೇಕೆಂದು ಹೇಳಿಕೊಟ್ಟರು. ರಬ್ಬರಿನ ಅಂಗಿಯೊಳಗೆ ಅವನು ಬದನೆಕಾಯಿಯಂತೆ ಬೆಂದುಹೋದ. ಕೊನೆಗೆ ಮಾವನವರು, "ಲೈನ್ ಕ್ಲಿಯರ್, ಹೊರಡಿ," ಎಂದರು.

ನೀರು ತಲೆಯ ಮೇಲೆ ಮುಚ್ಚಿಕೊಂಡಿತು. ಎಲ್ಲ ಸದ್ದೂ ನಿಂತುಹೋಯಿತು.

ತಣ್ಣಪ್ಪನಿಗೆ ಅಳು ಬರುವಷ್ಟು ಸಂತೋಷವಾಯಿತು. ಹಸಿರು ಬೆಳಕು, ಕೆಳಗೆ ಮರಳು, ಯಾರೋ ಎಸೆದ ಹಳೆಯ ಟೈರಿನೊಳಗೆ ಸಂಸಾರ ಹೂಡಿದ ಪುಟ್ಟ ಮೀನುಗಳು. ಅವು ಅವನನ್ನು ನೋಡಿದವು, ಏನೂ ಹೇಳಲಿಲ್ಲ. ಅವನು ಟೈರಿನ ಬಳಿ ಮೈಮರೆತು ನಿಂತ. ಕನ್ನಡಕದವನಿಗೆ ಒಂದು ಏಡಿ ಕಂಡಿತು. ಅವನು ಅದರ ಹಿಂದೆ ಹೊರಟ. ದಾರ ಅವನ ಕೈಯಲ್ಲಿದ್ದುದರಿಂದ ಮೇಲೆ ಬಾವುಟವೂ ಅವನ ಹಿಂದೆಯೇ ಹೊರಟಿತು.

ಸ್ವಲ್ಪ ಹೊತ್ತಿಗೆ ತಣ್ಣಪ್ಪ ಮುಂದೆ ಹೋಗಲು ನೋಡಿದರೆ ಹೋಗಲಾಗಲಿಲ್ಲ. ಬೆನ್ನ ಹಿಂದೆ ಯಾರೋ ಹಿಡಿದು ಎಳೆದಂತಾಯಿತು. ಗಾಳದ ದಾರ ಸಿಲಿಂಡರಿಗೆ ಸುತ್ತಿಕೊಂಡಿತ್ತು. ತಿರುಗಿದ, ಇನ್ನೊಂದು ಸುತ್ತು ಬಿತ್ತು. ಕಾಲಿಗೆ ಕಟ್ಟಿದ ಚಾಕು ತೆಗೆದ. ಆದರೆ ಬೆನ್ನ ಹಿಂದೆ ಕಾಣದೆ ಕೊಯ್ಯಲು ಹೋಗಿ ಗಾಳಿಯ ಕೊಳವೆಯನ್ನೇ ಕೊಯ್ದರೆ? ಜೊತೆಗಾರನಿಗಾಗಿ ಸುತ್ತ ನೋಡಿದ. ಹಸಿರು ನೀರು ಬಿಟ್ಟರೆ ಏನೂ ಇರಲಿಲ್ಲ.

ಎಳೆಯಬೇಡ, ನಿಲ್ಲು, ನಿಧಾನಕ್ಕೆ ಉಸಿರಾಡು ಎಂದು ಮೇಡಂ ಕಲಿಸಿದ್ದಳು. ಅವನು ನಿಂತ. ಎಷ್ಟು ಮೌನ ಬೇಕೆಂದಿದ್ದನೋ ಅಷ್ಟೂ ಮೌನ ಅಲ್ಲಿತ್ತು, ಅದಕ್ಕಿಂತ ಜಾಸ್ತಿಯೇ ಇತ್ತು. ಅವನಿಗೆ ವಿಪರೀತ ಭಯವಾಯಿತು. ಯಾರಾದರೂ ಬಂದು ಏನಾದರೂ ಹೇಳಬಾರದೇ, ಬಯ್ದರೂ ಪರವಾಗಿಲ್ಲ ಎಂದು ಹುಟ್ಟಿದಾಗಿನಿಂದ ಮೊದಲ ಸಲ ಅನ್ನಿಸಿತು.

ಮೇಲೆ ಏನಾಯಿತೆಂದು ಈಗ ಹೇಳಬೇಕು. ಮಾವನವರು ನೀರಿನಿಂದ ಕಣ್ಣು ಕಿತ್ತಿರಲಿಲ್ಲ. ಮುಳುಗಿದವರು ಉಸಿರು ಬಿಟ್ಟಾಗ ಗುಳ್ಳೆಗಳು ಮೇಲೆ ಬರುತ್ತವಲ್ಲ, ಎರಡು ಗಾಡಿಗಳನ್ನು ನೋಡುವಂತೆ ಎರಡು ಗುಳ್ಳೆಸಾಲುಗಳನ್ನು ನೋಡುತ್ತ ಕೂತಿದ್ದರು.

"ಮೇಡಂ, ಒಂದು ಸಾಲು ಆ ಕಡೆ ಹೋಯ್ತು. ಬಾವುಟಾನೂ ಅದರ ಜೊತೆ ಹೋಯ್ತು. ಇನ್ನೊಂದು ಇಲ್ಲೇ ನಿಂತಿದೆ. ಯಾಕೆ ನಿಂತಿದೆ?"

ಅಷ್ಟರಲ್ಲಿ ಟೋಪಿಯವನು ಕೋಲು ಬಗ್ಗಿಸಿ ಎಳೆಯುತ್ತ ಕೂಗಿದ, "ಸಿಕ್ತು! ನನ್ನ ಜನ್ಮದಲ್ಲೇ ಇಷ್ಟು ದೊಡ್ಡದು ಸಿಕ್ಕಿಲ್ಲ!"

"ಬಿಡ್ರೀ ದಾರ!"

"ಬಿಡೋದಾ? ಇಂಥಾ ಮೀನು ಮತ್ತೆ ಸಿಗುತ್ತಾ ಸಾರ್?"

"ಮೀನಲ್ಲ ಕಣಯ್ಯಾ, ಅದು ನನ್ನ ಅಳಿಯ!"

ಹೇಳಿದವರೇ ಟೋಪಿಯವನ ಮೀನು ಕೊಯ್ಯುವ ಚಾಕು ಕಿತ್ತುಕೊಂಡು ದಾರ ಕತ್ತರಿಸಿದರು. ಮೇಡಂ ನೀರಿಗೆ ಹಾರಿದಳು. ಕಟ್ಟೆಯಿಂದ ಹೊರಟ ಮೋಟಾರು ದೋಣಿಯೊಂದು ಬಾವುಟವಿಲ್ಲದ ಗುಳ್ಳೆಗಳ ಕಡೆಗೇ ನುಗ್ಗಿ ಬರುತ್ತಿತ್ತು. ಮಾವನವರು ಪ್ಯಾಂಟು, ಬೂಟು, ಎಲ್ಲ ಸಮೇತ ಸೊಂಟದ ಮಟ್ಟ ನೀರಿಗಿಳಿದು, ಯಾರದೋ ಕೆಂಪು ಟವೆಲು ಬೀಸುತ್ತ, ಕೆಲಸದಲ್ಲಿದ್ದ ಕಾಲದ ಗಂಟಲಿನಲ್ಲಿ, "ನಿಲ್ಸೋ!" ಎಂದರು. ದೋಣಿ ನಿಂತಿತು. ದಂಡೆಯ ಮೇಲಿದ್ದವರೂ ನಿಂತರು.

ತಣ್ಣಪ್ಪನನ್ನು ಮೇಡಂ ಮೆಟ್ಟಿಲಿಗೆ ತಂದಾಗ ಮಾವನವರು ಬಯ್ಯಲಿಲ್ಲ. ಟವೆಲು ಹೊದಿಸಿದರು.

"ಹೆದರಿಬಿಟ್ಟೆ ಕಣಪ್ಪಾ," ಎಂದರು.

"ನಾನೂ ಹೆದರಿದೆ ಮಾವ," ಎಂದು ತಣ್ಣಪ್ಪ ಮಗುವಿನಂತೆ ಅತ್ತ. ಒಂದು ವರ್ಷ ಅವರ ಫೋನು ಬಂದಾಗಲೆಲ್ಲ ಹೆಂಡತಿಯ ಕೈಗೆ ದಾಟಿಸಿ ಸ್ನಾನದ ಮನೆ ಸೇರುತ್ತಿದ್ದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಏಡಿ ನೋಡಿ ಹಿಂದಿರುಗಿದ ಕನ್ನಡಕದವನು ಮಾತ್ರ ಏನು ನಡೆಯಿತೆಂದು ಕೇಳಲೂ ಇಲ್ಲ.

ಸಂಜೆ ಊಟದ ಮೇಜಿನ ಸುತ್ತ ಮೂವರೂ ಕೂತರು. ವಿಷಯ ತಿಳಿಯಲೆಂದೇ ಎದುರುಮನೆಯಾಕೆ ಸಕ್ಕರೆ ಕೇಳುವ ನೆಪದಲ್ಲಿ ಬಂದು ಬಾಗಿಲಲ್ಲಿ ನಿಂತಳು. ತಣ್ಣಪ್ಪ ಆಸೆ ಬಿಟ್ಟಿದ್ದ.

"ಹೇಳಪ್ಪಾ, ಬೇಡ ತಾನೆ?" ಎಂದಳು ಹೆಂಡತಿ.

ಮಾವನವರು ಗಂಟಲು ಸರಿಮಾಡಿಕೊಂಡರು. "ವಿದ್ಯೆಯಲ್ಲಿ ತಪ್ಪಿಲ್ಲಮ್ಮ. ನಿಯಮ ಎಲ್ಲ ಚೆನ್ನಾಗಿದೆ. ಪಾಲಿಸಿದ್ರೆ ಏನೂ ಆಗಲ್ಲ. ಇವರು ಮುಂದುವರಿಸಲಿ."

ತಣ್ಣಪ್ಪನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಎದ್ದು ಅವರ ಕಾಲಿಗೆ ಬೀಳುವುದೊಂದು ಬಾಕಿ.

"ತಪ್ಪಿರೋದು ಜೊತೆಗಾರನಲ್ಲಿ. ಪಕ್ಕದಲ್ಲೇ ಇರೋ ಆಸಾಮಿ ಬೇಕು. ನನಗೇನು, ರಿಟೈರಾಗಿದೀನಿ, ವಾರವಾರ ಊರಿಂದ ಬಂದ್ರಾಯ್ತು. ದಿನಾ ಬೆಳಿಗ್ಗೆ ಈಜ್ತೀನಿ, ಡಾಕ್ಟರೂ ಫೋನಲ್ಲಿ ಸರಿ ಅಂದ್ರು. ಇವತ್ತೇ ಮೇಡಂ ಹತ್ರ ಸೇರ್ಕೊಂಡು ಬಂದೆ. ಕಲಿತಾದ ಮೇಲೆ ಪ್ರತಿ ಭಾನುವಾರ ನಾನೇ ಇವರ ಜೊತೆ. ಕೈಯಳತೆ ದೂರ ಬಿಟ್ಟು ಕದಲಲ್ಲ. ಅಲ್ಲೀವರೆಗೆ ದಂಡೆ ಮೇಲೆ ಕಾವಲು ನಂದೇ."

"ಅಬ್ಬಾ! ಇನ್ನು ನನಗೆ ನೆಮ್ಮದಿ," ಎಂದಳು ಹೆಂಡತಿ. ಎದುರುಮನೆಯಾಕೆ ಸಕ್ಕರೆ ಮರೆತು ಚಪ್ಪಾಳೆ ತಟ್ಟಿದಳು.

ಹೋಗಲಿ, ಎಂದು ತಣ್ಣಪ್ಪ ಸಮಾಧಾನ ಮಾಡಿಕೊಂಡ. ಜೀವ ಉಳಿಸಿದವರು. ಜೊತೆಯಲ್ಲಿದ್ದರೆ ಒಳ್ಳೆಯದೇ. ಹೇಗೂ ನೀರಿನಡಿಯಲ್ಲಿ ಯಾರೂ ಮಾತಾಡುವಂತಿಲ್ಲವಲ್ಲ.

"ನನಗೂ ಅದೊಂದೇ ಯೋಚನೆಯಾಗಿತ್ತು, ಕೆಳಗೆ ಏನಾದರೂ ಹೇಳಬೇಕು ಅಂದ್ರೆ ಹೆಂಗೆ ಅಂತ," ಎನ್ನುತ್ತ ಮಾವನವರು ಚೀಲದಿಂದ ಒಂದು ಬಿಳಿ ಪ್ಲಾಸ್ಟಿಕ್ ಸ್ಲೇಟು ತೆಗೆದರು. "ಮೇಡಂ ಕೊಟ್ರು. ನೀರೊಳಗೂ ಬರೀಬಹುದಂತೆ. ಸ್ವಲ್ಪ ಅಭ್ಯಾಸ ಆಗಲಿ ಅಂತ ಈಗಲೇ ಬರೆದೆ. ಓದಿ ನೋಡಿ ಅಳಿಯಂದಿರೇ, ಅಕ್ಷರ ಕಾಣುತ್ತಾ?"

ತಣ್ಣಪ್ಪ ಓದಿದ. ಇರುವೆಸಾಲಿನಂಥ ಅಕ್ಷರಗಳು ಮೇಲಿನಿಂದ ಕೆಳಗಿನವರೆಗೆ ತುಂಬಿದ್ದವು. ಕೊನೆಯ ಸಾಲಿನಲ್ಲಿ, 'ಹಿಂಬದಿ ನೋಡಿ' ಎಂದಿತ್ತು.