ಇಬ್ಬರು ಅಳುಮುಂಜಿಗಳ ಮ್ಯಾಟಿನಿ

ಧಬ್, ಧಬ್ ಎಂದು ಮರದ ಕುರ್ಚಿಗಳು ಮಡಚಿಕೊಳ್ಳುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಐವತ್ತರ ದಶಕದ ಮುಂಬೈಯಲ್ಲಿ ಪಿಕ್ಚರ್ ಫ್ಲಾಪ್ ಎಂದು ತಿಳಿಯಲು ರಿವ್ಯೂ ಬೇಕಿರಲಿಲ್ಲ. ಜನ ಅರ್ಧಕ್ಕೇ ಎದ್ದು ಹೋಗುವಾಗ ಕುರ್ಚಿಗಳೇ ಸಾರಿ ಹೇಳುತ್ತಿದ್ದವು. ಹಾಗೆ ಎಲ್ಲರೂ ಬಿಟ್ಟೆದ್ದ ಪಿಕ್ಚರುಗಳನ್ನೇ ಮೆಚ್ಚುವುದು ನನ್ನ ಹುಟ್ಟುಗುಣ. ಅವುಗಳಲ್ಲಿ ಒಂದರ ಹೆಸರು ಹೇಳಿದರೆ ಇಂದು ಯಾರಿಗೂ ನೆನಪಾಗುವುದಿಲ್ಲ. ಹಾರ್ಮೋನಿಯಂ ರಿಪೇರಿ ಮಾಡುವವನೊಬ್ಬ. ಕೆಡದ ಹಾರ್ಮೋನಿಯಂ ಅನ್ನು ಮತ್ತೆ ಮತ್ತೆ ಅವನ ಬಳಿ ತರುವ ಹುಡುಗಿಯೊಬ್ಬಳು. ಇಬ್ಬರೂ ಬಾಯಿ ಬಿಡುವುದಿಲ್ಲ. ಅದು ನಿಜವಾಗಿಯೂ ಕೆಡುವ ಹೊತ್ತಿಗೆ ಅವಳಿಗೆ ಬೇರೆ ಕಡೆ ಮದುವೆಯಾಗಿರುತ್ತದೆ. ಅಷ್ಟೇ ಸ್ಟೋರಿ. ಸೋ ಸಿಂಪಲ್, ಸೋ ಸ್ಯಾಡ್.

ನಿಜ ಹೇಳಬೇಕೆಂದರೆ, ನಾನು ಆ ಪಿಕ್ಚರ್ ನೋಡಲು ಹೋದದ್ದಲ್ಲ. ನನ್ನನ್ನು ತೋರಿಸಲು ಕರೆದೊಯ್ದದ್ದು. ಸಾಂತಾಕ್ರೂಜಿನ ನಮ್ಮ ಎರಡು ಕೋಣೆಗಳಲ್ಲಿ ಊರಿನಿಂದ ಬಂದ ನೆಂಟರೇ ತುಂಬಿಕೊಂಡು, ಹೆಣ್ಣು ನೋಡುವ ಶಾಸ್ತ್ರಕ್ಕೆ ಚಾಪೆ ಹಾಸಲೂ ಜಾಗವಿರಲಿಲ್ಲ. ಆದ್ದರಿಂದ ಇಂಟರ್‌ವಲ್‌ನಲ್ಲಿ ಸೋಡಾ ಸ್ಟಾಲಿನ ಹತ್ತಿರ ಹುಡುಗ ಹುಡುಗಿ ಮುಖ ನೋಡಿಕೊಳ್ಳಲಿ ಎಂದು ಹಿರಿಯರು ತೀರ್ಮಾನಿಸಿದರು. ಹುಡುಗನ ಮನೆಯವರದು ಫೋರ್ಟ್ ಏರಿಯಾದಲ್ಲಿ ಉಡುಪಿ ಹೋಟೆಲು.

ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಫೋರ್ಕು ಹಿಡಿಯಲು ಕಲಿಸಿದ್ದರೇ ಹೊರತು ಅಳು ತಡೆಯಲು ಕಲಿಸಿರಲಿಲ್ಲ. ಇಂಟರ್‌ವಲ್ ಹೊತ್ತಿಗೆ ಕಾಡಿಗೆ ಕೆನ್ನೆಗಿಳಿದಿತ್ತು. "ಎಂತ ಮಾರಾಯ್ತಿ, ಹಚ್ಚಿದ ಪೌಡರೆಲ್ಲ ಹೋಯ್ತಲ್ಲ," ಎಂದು ಚಿಕ್ಕಮ್ಮ ಸೆರಗಿನಿಂದ ಉಜ್ಜಿ ಇಡೀ ಮುಖವನ್ನು ಕಪ್ಪು ಮಾಡಿದರು. ಸ್ಟಾಲಿನ ಬಳಿ ನಿಂತಿದ್ದ ಹುಡುಗನ ಮೂಗೂ ಕೆಂಪಗಿತ್ತು. ನನ್ನನ್ನು ನೋಡಿ ನಕ್ಕ.

"ಅವಳಾದ್ರೂ ಹೇಳ್ಬಹುದಿತ್ತು," ಎಂದ.

"ಅವನಿಗೆ ಬಾಯಿಲ್ವಾ?" ಎಂದೆ.

ಇವನೇ ಎಂದು ನನಗೆ ಆಗಲೇ ಗೊತ್ತಾಯಿತು. ಆದರೆ ಅವರ ಕಡೆಯಿಂದ ಬಂದ ಉತ್ತರವೇ ಬೇರೆ: ಪಿಕ್ಚರಿಗೆ ಅಷ್ಟು ಅಳುವ ಹುಡುಗಿಯ ಮನಸ್ಸಿನಲ್ಲಿ ಬೇರೆ ಯಾರೋ ಇರಬೇಕು. ಎಂಥ ಇನ್ಸಲ್ಟ್ ಎಂದು ನಾನು ಕುದಿಯುವಷ್ಟರಲ್ಲಿ ಅಪ್ಪಯ್ಯನೂ ಬೇಡವೆಂದು ಹೇಳಿ ಕಳುಹಿಸಿದ್ದು ತಿಳಿಯಿತು. "ಹಾರ್ಮೋನಿಯಂಗೆ ಅಳುವವ ಗಲ್ಲಾಪೆಟ್ಟಿಗೆಯಲ್ಲಿ ಕೂತರೆ, ಗಿರಾಕಿ ಅತ್ತ ಕೂಡಲೇ ಪುಕ್ಕಟೆ ಊಟ ಹಾಕ್ತಾನೆ," ಎಂದರಂತೆ. ಮುಂದೆ ನನಗೆ ಸಿಕ್ಕ ಗಂಡ ಅಪ್ಪಯ್ಯನ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್. ಯಾವ ಪಿಕ್ಚರಿಗೂ ಅಳಲಿಲ್ಲ, ಟೈಟಲ್ ಮುಗಿಯುವ ಮೊದಲೇ ಗೊರಕೆ.

ಆ ಮದುವೆಗೂ ಮುಂಚೆ, ಹಾರ್ಮೋನಿಯಂ ಪಿಕ್ಚರ್ ಥಿಯೇಟರಿನಿಂದ ತೆಗೆಯುವ ಹಿಂದಿನ ದಿನ, ಲೈಬ್ರರಿಗೆಂದು ಹೇಳಿ ಒಬ್ಬಳೇ ಮ್ಯಾಟಿನಿಗೆ ಹೋದೆ. ಮುಂದಿನ ಸಾಲುಗಳಲ್ಲೊಂದರಲ್ಲಿ ಸೋಡಾ ಸ್ಟಾಲಿನ ಆ ಹುಡುಗನೂ ಒಬ್ಬನೇ ಕೂತಿದ್ದ. ಕೊನೆಯ ಹಾಡು ಮುಗಿದೊಡನೆ ಪಕ್ಕದಲ್ಲಿ ಹೋಗಿ ಕೂತು, ನನಗೆ ನೀನೇ ಬೇಕು ಎಂದುಬಿಡೋಣ ಎಂದುಕೊಂಡೆ. ಹಾಡು ಮುಗಿಯಿತು, ನನ್ನ ಅಳು ಮುಗಿಯಲಿಲ್ಲ. ಈ ಮುಖ ಹೊತ್ತು ಹೋಗುವುದು ಹೇಗೆಂದು ಕಾಡಿಗೆ ಒರೆಸಿ, ಮೂಗು ಒರೆಸಿ, ಕೂದಲು ಸರಿಮಾಡಿ ತಲೆ ಎತ್ತುವಾಗ ಲೈಟ್ ಹತ್ತಿತ್ತು. ಅವನು ಕರ್ಚೀಫನ್ನು ಕಣ್ಣಿಗೊತ್ತಿಕೊಂಡು ಹೋಗುತ್ತ, ಡೋರ್‌ಕೀಪರನಿಗೆ ಡಿಕ್ಕಿ ಹೊಡೆದು, ಸಾರಿ ಎಂದು ಹೊರಗೆ ನಡೆದ. ಆಮೇಲೆ ನಾನು ಅವನನ್ನು ಕಾಣಲಿಲ್ಲ.