ಅಚ್ಚಾಗದ ಸಂಚಿಕೆಯ ಐದು ಬಿಡುಗಡೆಗಳು

೧೯೯೯ನೇ ಇಸವಿ ಫೆಬ್ರವರಿ ಹದಿಮೂರನೇ ತಾರೀಖು ಶನಿವಾರ ಬೆಳಗ್ಗೆ ಹನ್ನೊಂದೂವರೆಗೆ, ಚಳ್ಳಕೆರೆಯ ಬಯಲುಸಿರಿ ಪ್ರಥಮ ದರ್ಜೆ ಕಾಲೇಜಿನ ವಿದ್ಯಾರ್ಥಿ ಸಾಹಿತ್ಯ ಪತ್ರಿಕೆ 'ಕಾರೆಹೂ'ವಿನ ವಾರ್ಷಿಕ ಸಂಚಿಕೆಯು ಗಣ್ಯರ ಸಮ್ಮುಖದಲ್ಲಿ ವಿಧ್ಯುಕ್ತವಾಗಿ ಬಿಡುಗಡೆಯಾಯಿತು. ಸಂಚಿಕೆ ಅಚ್ಚಾಗಿರಲಿಲ್ಲ ಎಂಬುದೊಂದನ್ನು ಬಿಟ್ಟರೆ ಸಮಾರಂಭದಲ್ಲಿ ಹೇಳಿಕೊಳ್ಳುವಂಥ ಯಾವ ಕೊರತೆಯೂ ಇರಲಿಲ್ಲ.

ಅಚ್ಚಾಗದಿದ್ದುದಕ್ಕೆ ಯಾರನ್ನೂ ದೂರುವಂತಿಲ್ಲ. ಪ್ರೆಸ್ಸಿನ ದೊಡ್ಡೀರಪ್ಪನವರ ಬಳಿ ಇದ್ದದ್ದು ಒಂದೇ ಮಷೀನು. ಅವರಿಗೆ ಇದ್ದದ್ದು ಒಂದೇ ಸಿದ್ಧಾಂತ: "ಮುಹೂರ್ತ ಇರೋದು ಮೊದ್ಲು, ಮುಹೂರ್ತ ಇಲ್ಲದ್ದು ಆಮೇಲೆ." ಆ ಲೆಕ್ಕದಲ್ಲಿ ಮದುವೆ, ನಾಮಕರಣ, ಗೃಹಪ್ರವೇಶದ ಕಾರ್ಡುಗಳು ಮುಂದೆ ಹೋದವು. 'ಕಾರೆಹೂ' ಬಿಡುಗಡೆಯ ಆಹ್ವಾನ ಪತ್ರಿಕೆಗೂ ಹನ್ನೊಂದೂವರೆಯ ಮುಹೂರ್ತ ಇದ್ದುದರಿಂದ ಅದೂ ಮುಂದೆ ಹೋಯಿತು. "ಅರವತ್ತನಾಲ್ಕು ಪುಟಗಳ ಬೃಹತ್ ಸಂಚಿಕೆ" ಎಂದು ಕೆಂಪು ಅಕ್ಷರದಲ್ಲಿ ಚೆಂದಾಗಿ ಅಚ್ಚಾಗಿ ಊರೆಲ್ಲಾ ಹಂಚಿಹೋಯಿತು. ಸಂಚಿಕೆಗೆ ಮಾತ್ರ ಮುಹೂರ್ತ ಇರಲಿಲ್ಲ. ಅದು ಮೂಲೆಯಲ್ಲಿ ಅಂಟಿನ ಡಬ್ಬಿಯ ಕೆಳಗೆ ಉಳಿಯಿತು.

ಇದರಿಂದ ನಿಜವಾಗಿ ಎದೆ ಒಡೆದುಕೊಂಡವನು ಒಬ್ಬನೇ. ಎರಡನೇ ಬಿ.ಎ. ಓದುತ್ತಿದ್ದ ನನ್ನಿವಾಳದ ದೊಡ್ಡಪಾಲಯ್ಯ. ಅವನ 'ತಪ್ಪಿಸಿಕೊಂಡ ಕುರಿ' ಎಂಬ ಪದ್ಯ ಸಂಚಿಕೆಗೆ ಆಯ್ಕೆಯಾಗಿತ್ತು. ಬರೀ ಆಯ್ಕೆಯಾಗಿದ್ದರೆ ಅಡ್ಡಿಯಿರಲಿಲ್ಲ. ಅದರ ಮೇಲೆ ಅವನ ಓದೇ ನಿಂತಿತ್ತು. ಅವನ ಅವ್ವ ಬೋರಕ್ಕ ಸಂಕ್ರಾಂತಿಯ ದಿನವೇ ತೀರ್ಪು ಕೊಟ್ಟಿದ್ದಳು.

"ಎರಡು ವರ್ಷದಿಂದ ಕಾಲೇಜು ಕಾಲೇಜು ಅಂತ ಬಸ್ ಹತ್ತುತೀಯ. ಏನು ಕಲಿತೆ ಅಂತ ನಂಗಂತೂ ಕಾಣಂಗಿಲ್ಲ. ಯುಗಾದಿ ಒಳಗೆ ನಿನ್ನ ಹೆಸರು ಅಚ್ಚಿನಾಗೆ ತಂದು ತೋರ್ಸು. ತೋರ್ಸಿದ್ರೆ ಓದು. ಇಲ್ಲಾಂದ್ರೆ ಕುರಿ ಹಿಂದೆ ನಡಿ."

"ನಿಂಗೆ ಓದಾಕೆ ಬರಲ್ಲವಲ್ಲವ್ವ?"

"ನಂಗೆ ಬರಲ್ಲ. ಕ್ಯಾತಣ್ಣಂಗೆ ಬರ್ತೈತೆ."

ಪಕ್ಕದ ಮನೆಯ ಕ್ಯಾತಣ್ಣ ಏಳನೇ ಕ್ಲಾಸು ಪಾಸಾಗಿದ್ದ. ಆ ಓಣಿಗೆ ಅವನೇ ಸುಪ್ರೀಂ ಕೋರ್ಟು.

ಬಿಡುಗಡೆಯ ಹಿಂದಿನ ದಿನ ಕನ್ನಡ ಅಧ್ಯಾಪಕರೂ ಪತ್ರಿಕೆಯ ಸಲಹೆಗಾರರೂ ಆದ ಕೃಷ್ಣಮೂರ್ತಿಯವರು ತುರ್ತು ಸಭೆ ಕರೆದರು. ಮುಖ್ಯ ಅತಿಥಿಗಳಾದ ಎಣ್ಣೆ ಗಿರಣಿಯ ಹನುಮಂತರಾಯರು ಒಪ್ಪಿಯಾಗಿದೆ, ಶಾಮಿಯಾನ ಬಂದಿದೆ, ಮುನ್ನೂರು ಜನರಿಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿಗೆ ಹೇಳಿಯಾಗಿದೆ. ಇಂಥ ಸಂದರ್ಭದಲ್ಲಿ ಪತ್ರಿಕೆ ಇಲ್ಲ ಎಂಬ ಸಣ್ಣ ಕಾರಣಕ್ಕೆ ಕಾರ್ಯಕ್ರಮ ನಿಲ್ಲಿಸುವುದು ಸಂಸ್ಥೆಯ ಘನತೆಗೆ ತಕ್ಕುದಲ್ಲ ಎಂದು ಸಭೆ ತೀರ್ಮಾನಿಸಿತು. ಮುರಿದ ಬೆಂಚಿನ ಹಲಗೆಯೊಂದನ್ನು ಪತ್ರಿಕೆಯ ಅಳತೆಗೆ ಕೊಯ್ಯಿಸಿದರು. ಸಂಪಾದಕಿ ಹರಿಪ್ರಿಯಾ ಕೈಯಾರೆ ಬಿಡಿಸಿದ್ದ ಮುಖಪುಟವನ್ನು ಅದರ ಮೇಲೆ ಅಂಟಿಸಿದರು. ಅತಿಥಿಗಳು ಗಂಟು ಬಿಚ್ಚುವುದು, ಮುಖಪುಟವನ್ನು ಫೋಟೋಗೆ ಹಿಡಿಯುವುದು, ಕೂಡಲೇ ಕೃಷ್ಣಮೂರ್ತಿಯವರು ಅದನ್ನು ಇಸಿದುಕೊಳ್ಳುವುದು. ಯೋಜನೆ ಇಷ್ಟೇ.

ಹರಿಪ್ರಿಯಾ ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಹಲಗೆಗೆ ಸುತ್ತಲು ರೇಷ್ಮೆ ಬಟ್ಟೆಯ ತುಂಡೊಂದನ್ನು ತರಿಸಿದಳು. ತಂದವರು ಅವಳ ತಂದೆ ಬೊಮ್ಮಣ್ಣ. ತಂದವರೇ ಕಟ್ಟಿದರೆ ಚೆಂದ ಎಂದು ಎಲ್ಲರೂ ಹೇಳಿದ್ದರಿಂದ ಅವರೇ ಕಟ್ಟಿದರು. ತಪ್ಪು ಆದದ್ದು ಇಲ್ಲಿ. ನಲವತ್ತು ವರ್ಷ ಮಗ್ಗದ ಮುಂದೆ ಕೂತ ಕೈ ಅದು. ಎಳೆ ಹರಿದಾಗ ಹಾಕುವ ಗಂಟು ಬಿಟ್ಟು ಬೇರೆ ಗಂಟು ಆ ಕೈಗೆ ಗೊತ್ತಿಲ್ಲ. ಆ ಗಂಟಿನ ಗುಣವೆಂದರೆ, ಎಳೆದಷ್ಟೂ ಬಿಗಿಯಾಗುತ್ತದೆ.

"ಬಿಚ್ಚೋಕೆ ಬರ್ತೈತಲ್ಲ ಬೊಮ್ಮಣ್ಣೋರೆ?" ಎಂದು ಕೃಷ್ಣಮೂರ್ತಿಯವರು ಕೇಳಿದರು.

"ಏಂ ಕಾದು ಸಾರ್, ಏನೂ ಆಗಲ್ಲ. ನನ್ನ ಗಂಟು ಇವತ್ತಿನವರೆಗೂ ಒಂದೂ ಬಿಚ್ಚಿಲ್ಲ!" ಎಂದು ಬೊಮ್ಮಣ್ಣ ಹೆಮ್ಮೆಯಿಂದ ಧೈರ್ಯ ಹೇಳಿದರು.

ಮಾರನೇ ದಿನ ಹನುಮಂತರಾಯರು ವೇದಿಕೆಯ ಮೇಲೆ ಗಂಟು ಎಳೆದರು. ಮತ್ತೆ ಎಳೆದರು. ಮಂಡಿಗೆ ಕೊಟ್ಟು ಎಳೆದರು. ಎಣ್ಣೆ ಗಿರಣಿಯವರ ಕೈ, ಜಾರುವುದು ಬೇರೆ. ಫೋಟೋದವನು, "ಸಾರ್, ರೀಲಿನಾಗೆ ಎರಡೇ ಐತೆ, ಬೇಗ" ಎಂದ. ಹನುಮಂತರಾಯರು ಬೆವರು ಒರೆಸಿಕೊಂಡು, ಕಟ್ಟನ್ನು ಹಾಗೇ ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ, "ಬಿಡುಗಡೆ ಆಗಿದೆ!" ಎಂದು ಸಾರಿದರು. ಚಪ್ಪಾಳೆ ಶಾಮಿಯಾನ ಹಾರಿಹೋಗುವಂತೆ ಬಿತ್ತು.

ಆಮೇಲೆ ದೊಡ್ಡಪಾಲಯ್ಯ ತನ್ನ ಪದ್ಯ ಓದಿದ.

"ನೂರೊಂದು ಕುರಿಯಾಗೆ ನೀನೊಬ್ಬಳೆ ಕರಿಯಾಕಿ
ಕತ್ತಲಾಗೆ ಹುಡುಕಿದರೆ ನಾನೇನ ಕಂಡೇನೇ?
ಬ್ಯಾ ಅಂತ ಒಂದ್ಸಾರಿ ಕೂಗಿದರೆ ಬಂದೇನು
ಸಿಟ್ಟಿಗೆ ನೀ ಸುಮ್ಕಿದ್ರೆ ನಾನೆಲ್ಲಿ ಹೋಗೇನೇ?"

ಹಿಂದಿನ ಸಾಲಿನಿಂದ ಯಾರೋ "ಬ್ಯಾ" ಎಂದರು. ಅದನ್ನು ಸಭಿಕರ ಪ್ರತಿಕ್ರಿಯೆ ಎಂದು ನಡಾವಳಿಯಲ್ಲಿ ದಾಖಲಿಸಲಾಯಿತು.

ಅಂದು ಸಂಜೆಯ ಬಸ್ಸಿಗೆ ದೊಡ್ಡಪಾಲಯ್ಯ ಊರಿಗೆ ಹೋದ. ಬೋರಕ್ಕ ಹೊಸಿಲಲ್ಲೇ ಕೈ ಚಾಚಿದಳು.

"ಎಲ್ಲೈತೋ?"

"ಬಿಡುಗಡೆ ಆಯ್ತವ್ವ."

"ಆದದ್ದು ಎಲ್ಲಿಗೆ ಹೋತು? ಜೈಲಿಂದ ಬಿಡುಗಡೆ ಆದೋನೂ ಸೀದಾ ಮನೆಗೆ ಬರ್ತಾನೆ ಕಣಲೇ."

ದೊಡ್ಡಪಾಲಯ್ಯ ಚೀಲ ಗೂಟಕ್ಕೆ ಹಾಕಿ ಕುರಿಗಳಿಗೆ ನೀರಿಡಲು ಹೋದ.

ಇತ್ತ ಸುದ್ದಿ ಮೊಳಕಾಲ್ಮೂರಿಗೆ ಮುಟ್ಟಿತು. ಬಟ್ಟೆ ನಮ್ಮದು, ಗಂಟು ನಮ್ಮದು, ಬಿಡುಗಡೆ ಮಾತ್ರ ಚಳ್ಳಕೆರೆಯದಾ ಎಂದು ಅಲ್ಲಿನವರು ಕೇಳಿದರು. ಪ್ರಶ್ನೆಯಲ್ಲಿ ನ್ಯಾಯವಿತ್ತು. ಹಾಗಾಗಿ ಎರಡನೇ ಬಿಡುಗಡೆ ಮೊಳಕಾಲ್ಮೂರಿನಲ್ಲಿ ಆಯಿತು. ಮೊಳಕಾಲ್ಮೂರಿಗೆ ಆದ ಮೇಲೆ ಅದೇ ತಾಲ್ಲೂಕಿನ ದೇವಸಮುದ್ರಕ್ಕೆ ಏಕಿಲ್ಲ? ಮೂರನೇ ಬಿಡುಗಡೆ ಅಲ್ಲಿ. ಬೇಡಿಕೆ ಹೆಚ್ಚಿದ ಕಾರಣ ಕಾಲೇಜಿನಲ್ಲಿ 'ಬಿಡುಗಡೆ ಸಮಿತಿ' ರಚನೆಯಾಗಿ, ನೋಟೀಸ್ ಬೋರ್ಡಿನ ಮೇಲೆ ಈ ಪ್ರಕಟಣೆ ಬಿತ್ತು:

"ಕಾರೆಹೂ ಸಂಚಿಕೆಯನ್ನು ಬಿಡುಗಡೆಗೊಳಿಸಲಿಚ್ಛಿಸುವವರು ಹದಿನೈದು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಗಂಟನ್ನು ಮುಟ್ಟಬಹುದು, ಎಳೆಯಬಹುದು, ಬಿಚ್ಚತಕ್ಕದ್ದಲ್ಲ. ಸಂಚಿಕೆಯನ್ನು ಓದದೇ ಇರುವವರಿಗೆ ಅದರ ಬಗ್ಗೆ ಮಾತನಾಡಲು ಆದ್ಯತೆ ನೀಡಲಾಗುವುದು. ಮಂಡಕ್ಕಿಯ ವ್ಯವಸ್ಥೆ ಸ್ಥಳೀಯರದ್ದು."

ಓದದವರ ಸಂಖ್ಯೆ ದೊಡ್ಡದಿದ್ದುದರಿಂದ ವಿಮರ್ಶೆ ಹುಲುಸಾಗಿ ಬೆಳೆಯಿತು. ಜಿಲ್ಲೆಯ ವಾರಪತ್ರಿಕೆಯೊಂದು 'ಈ ಸಂಚಿಕೆಯಲ್ಲಿ ಭಾಷೆ ಪಕ್ವವಾಗಿದೆ, ಆದರೆ ಕತೆಗಳ ಅಂತ್ಯ ಅವಸರದ್ದು' ಎಂದು ಬರೆಯಿತು. ಇತಿಹಾಸದ ವನಜಾಕ್ಷಿ ಮೇಡಂ ಒಂದು ಹೆಜ್ಜೆ ಮುಂದೆ ಹೋಗಿ, ಮೂವತ್ತೇಳನೇ ಪುಟ ಅಶ್ಲೀಲವಾಗಿದೆ ಎಂದು ಲಿಖಿತ ದೂರು ಕೊಟ್ಟರು.

"ಮೇಡಂ, ತಾವು ಓದಿದ್ರಾ?" ಎಂದು ಕೃಷ್ಣಮೂರ್ತಿಯವರು ಮೆಲ್ಲಗೆ ಕೇಳಿದರು.

"ಥೂ! ಅಂಥದ್ದನ್ನ ನಾನು ಓದ್ತೀನಾ ಸಾರ್?"

ಉತ್ತರ ಎಷ್ಟು ನೇರವಾಗಿತ್ತೆಂದರೆ ಅಲ್ಲಿಗೇ ವಿಚಾರಣೆ ಮುಗಿಯಿತು. ಮೂವತ್ತೇಳನೇ ಪುಟವನ್ನು ಕಿತ್ತುಹಾಕಬೇಕೆಂದು ತೀರ್ಮಾನವಾಯಿತು. ಆದರೆ ಅದೇ ಹಾಳೆಯ ಹಿಂಬದಿಯಲ್ಲಿ ಮೂವತ್ತೆಂಟನೇ ಪುಟ ಇರುತ್ತದಲ್ಲ? ಅದು ನಿರಪರಾಧಿ. ಈ ಬಗ್ಗೆ ಸಮಿತಿ ಎರಡು ಗಂಟೆ ತಲೆ ಕೆಡಿಸಿಕೊಂಡಿತು. ಕೊನೆಗೆ ವಾಣಿಜ್ಯ ವಿಭಾಗದ ವಿದ್ಯಾರ್ಥಿಯೊಬ್ಬ, ಮೂವತ್ತೆಂಟನೇ ಪುಟದ ಲೇಖಕ ತಾನೇ, ಸಮಾಜದ ಹಿತಕ್ಕಾಗಿ ತನ್ನ ಲೇಖನವನ್ನು ತ್ಯಾಗ ಮಾಡುತ್ತೇನೆ ಎಂದು ಬರೆದುಕೊಟ್ಟ. ಅವನಿಗೆ ಚಳ್ಳಕೆರೆಯ ಕಂಬಳಿ ಹೊದಿಸಿ ಸನ್ಮಾನ ಮಾಡಿದರು. ಅರವತ್ತೆರಡು ಪುಟಗಳ ಪರಿಷ್ಕೃತ ಸಂಚಿಕೆಯು ಹನುಮಂತರಾಯರ ಗಿರಣಿಯ ಅಂಗಳದಲ್ಲಿ ನಾಲ್ಕನೇ ಬಾರಿ ಬಿಡುಗಡೆಯಾಯಿತು. ರಾಯರು ಎತ್ತಿ ಹಿಡಿದು, "ಹಗುರ ಆಗೈತೆ" ಎಂದರು. ಎಲ್ಲರಿಗೂ ಸಮಾಧಾನವಾಯಿತು.

ದೊಡ್ಡಪಾಲಯ್ಯನಿಗೆ ಮಾತ್ರ ಆಗಲಿಲ್ಲ. ಯುಗಾದಿಗೆ ಹತ್ತೇ ದಿನ. ಅವನು ಪ್ರೆಸ್ಸಿಗೆ ಹೋಗಿ ದೊಡ್ಡೀರಪ್ಪನವರ ಮುಂದೆ ನಿಂತ.

"ಅಣ್ಣ, ಇದು ಅಚ್ಚಾಗದಿದ್ರೆ ನನ್ನ ಓದು ಮುಗೀತು. ಒಂದು ಮುಹೂರ್ತ ನೀನೇ ಇಟ್ಟು ಹೊಡೆದುಬಿಡಣ್ಣ."

"ಲೇ, ನಾಲ್ಕು ಸಲ ಬಿಡುಗಡೆ ಆದದ್ದನ್ನ ಈಗ್ಯಾಕೋ ಅಚ್ಚು ಮಾಡ್ತೀಯ? ಮಗು ನಡೆದಾಡೋ ವಯಸ್ಸಿಗೆ ಸೀಮಂತ ಮಾಡಿದಂಗೆ!"

ಹೀಗೆ ಬೈದರೂ ದೊಡ್ಡೀರಪ್ಪನವರ ಮನಸ್ಸು ಕರಗಿತು. ಮೂರು ದಿನ ದೊಡ್ಡಪಾಲಯ್ಯನೇ ಅಚ್ಚಿನ ಮೊಳೆ ಜೋಡಿಸಿದ, ಹಾಳೆ ಮಡಚಿದ, ಪಿನ್ನು ಹೊಡೆದ. ತನ್ನ ಹೆಸರಿನ ಮೊಳೆಗಳನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗುಮುರುಗಾಗಿ ಜೋಡಿಸಿ ಎರಡೆರಡು ಸಲ ಎಣಿಸಿದ. ಇದ್ದ ಬರಹವೆಲ್ಲಾ ಸೇರಿ ಮೂವತ್ತೆರಡು ಪುಟ ಆಯಿತು. ಐನೂರು ಪ್ರತಿ. ತಳ್ಳುಗಾಡಿಯ ಮೇಲೆ ಹೇರಿಕೊಂಡು, ನೆಹರೂ ಸರ್ಕಲ್ಲಿನಿಂದ ಕಾಲೇಜಿನವರೆಗೆ ಹಾಡಿಕೊಂಡೇ ಬಂದ.

ಸಮಿತಿಗೆ ಗಾಬರಿಯಾಯಿತು. ಕೃಷ್ಣಮೂರ್ತಿಯವರು ಒಂದು ಪ್ರತಿಯನ್ನು ಎರಡು ಬೆರಳಲ್ಲಿ ಎತ್ತಿ ಪುಟ ಎಣಿಸಿದರು.

"ಪಾಲಯ್ಯ, ಇದರಲ್ಲಿ ಮೂವತ್ತೆರಡೇ ಪುಟ ಇದೆಯಲ್ಲಪ್ಪ."

"ಇದ್ದದ್ದೇ ಅಷ್ಟು ಸಾರ್."

"ಅಸಲಿ ಸಂಚಿಕೆಗೆ ಅರವತ್ತೆರಡು. ಕಿತ್ತುಹಾಕಿದ ಮೇಲೆ!"

"ಸಾರ್, ಅಸಲಿದು ಹಲಗೆ ಅಲ್ವಾ?"

ಕೃಷ್ಣಮೂರ್ತಿಯವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ನೋಡು ಮರಿ, ಆ ಹಲಗೆಯ ಬಗ್ಗೆ ಜಿಲ್ಲೆಯಲ್ಲಿ ಒಳ್ಳೆ ಅಭಿಪ್ರಾಯ ಇದೆ. ನಾಲ್ಕು ಸಲ ಗಣ್ಯರು ಅದನ್ನ ಎತ್ತಿದ್ದಾರೆ. ಇದನ್ನ ಯಾರು ಎತ್ತಿದ್ದಾರೆ?"

"ನಾನೇ ಸಾರ್, ಗಾಡಿಯಿಂದ ಇಳಿಸುವಾಗ."

ಸಮಿತಿ ಸರ್ವಾನುಮತದಿಂದ ಐನೂರು ಪ್ರತಿಗಳನ್ನೂ ನಕಲಿ ಎಂದು ಘೋಷಿಸಿ ಆಟದ ಸಾಮಾನಿನ ಕೋಣೆಯಲ್ಲಿಟ್ಟು ಬೀಗ ಹಾಕಿತು. ದೊಡ್ಡಪಾಲಯ್ಯ ಒಂದನ್ನು ಅಂಗಿಯೊಳಗೆ ಸಿಗಿಸಿಕೊಂಡು ಊರಿನ ಬಸ್ಸು ಹತ್ತಿದ.

ಬೋರಕ್ಕ ಕ್ಯಾತಣ್ಣನನ್ನು ಕರೆಸಿದಳು. ಕ್ಯಾತಣ್ಣ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದ, ಮೂಸಿದ, ಅಕ್ಷರ ಕೂಡಿಸಿ ಓದಿದ. "ದೊ-ಡ್ಡ-ಪಾ-ಲ-ಯ್ಯ. ಹೆಸರೇನೋ ಐತೆ."

ದೊಡ್ಡಪಾಲಯ್ಯನಿಗೆ ಜೀವ ಬಂದಂತಾಯಿತು.

"ಆದ್ರೆ ಇದು ಅಸಲಿ ಅಲ್ಲ ಬೋರಕ್ಕ," ಎಂದ ಕ್ಯಾತಣ್ಣ. "ಮಂಡಕ್ಕಿ ತಿನ್ನಾಕೆ ನಾನು ನಾಲ್ಕೂ ಬಿಡುಗಡೆಗೆ ಹೋಗಿದ್ದೆ. ಅಸಲಿದು ರೇಷ್ಮೆ ಬಟ್ಟೆಯಾಗೆ ಇರ್ತೈತೆ. ಇಷ್ಟು ತೆಳ್ಳಗೆ ಇರಲ್ಲ. ಹಿಂಗೆ ಬಿಚ್ಕೊಳ್ಳೋದೂ ಇಲ್ಲ."

ಬೋರಕ್ಕ ಮಗನ ಕಡೆ ನೋಡಿದ ನೋಟಕ್ಕೆ ಕೊಟ್ಟಿಗೆಯ ಕುರಿಗಳೂ ತಲೆ ತಗ್ಗಿಸಿದವು.

ಇನ್ನು ಉಳಿದದ್ದು ಒಂದೇ ದಾರಿ. ದೊಡ್ಡಪಾಲಯ್ಯ ಮಾರನೇ ದಿನವೇ ಅರ್ಜಿ ಬರೆದ: ಐದನೇ ಬಿಡುಗಡೆ ನನ್ನಿವಾಳದಲ್ಲಿ ಆಗಬೇಕು, ಮುಖ್ಯ ಅತಿಥಿ ಶ್ರೀಮತಿ ಬೋರಕ್ಕನವರು. ಸಮಿತಿ ಹದಿನೈದು ದಿನದ ನಿಯಮವನ್ನು ಒಂದು ಷರತ್ತಿನ ಮೇಲೆ ಸಡಿಲಿಸಿತು. ತಾನು ಅಚ್ಚು ಹಾಕಿಸಿದ್ದು ನಕಲಿ ಎಂದೂ, ತನ್ನ ಪದ್ಯ ಅಸಲಿ ಸಂಚಿಕೆಯ ಹತ್ತೊಂಬತ್ತನೇ ಪುಟದಲ್ಲಿದೆ ಎಂದೂ ಅವನು ಬರೆದುಕೊಡಬೇಕು. ಅವನು ಬರೆದುಕೊಟ್ಟ. ಸಹಿ ಹಾಕಿದ ಮೇಲೆ, "ಸಾರ್, ಹತ್ತೊಂಬತ್ತರ ಬದಲು ಐದನೇ ಪುಟಕ್ಕೆ ಹಾಕೋಕೆ ಆಗಲ್ವಾ?" ಎಂದು ಕೇಳಿದ. ಪರಿಶೀಲಿಸಿ, ಏಳನೇ ಪುಟ ಕೊಟ್ಟರು.

ಯುಗಾದಿಯ ಹಿಂದಿನ ದಿನ ನನ್ನಿವಾಳದ ಶಾಲೆಯ ಮುಂದೆ ಊರಿಗೆ ಊರೇ ನೆರೆಯಿತು. ಬೋರಕ್ಕನ ಕೊರಳಿಗೆ ಹಾರ ಬಿತ್ತು, ಹೆಗಲಿಗೆ ಕಂಬಳಿ ಬಿತ್ತು. ಕೃಷ್ಣಮೂರ್ತಿಯವರು ಕಿವಿಯಲ್ಲಿ ನಿಯಮ ಹೇಳಿದರು: "ಅಮ್ಮಾ, ಎಳೀಬಹುದು, ಬಿಚ್ಚಂಗಿಲ್ಲ."

"ಆಯ್ತು ಬುಡಪ್ಪ."

ಆದರೆ ಬೋರಕ್ಕ ಗಂಟನ್ನು ಎಳೆಯಲೇ ಇಲ್ಲ. ಗಣ್ಯರೆಲ್ಲರೂ ಎಳೆದಿದ್ದರು, ಅವಳು ಕುರಿಗಳ ಕಾಲುಕಟ್ಟು ಬಿಚ್ಚಿ ಬಿಚ್ಚಿ ಪಳಗಿದವಳು. ಹೆಬ್ಬೆರಳಿನ ಉಗುರಿನಿಂದ ಗಂಟನ್ನು ಹಿಂದಕ್ಕೆ ದೂಡಿದಳು. ಒಮ್ಮೆ. ಎರಡನೇ ಸಲಕ್ಕೆ ಅದು ಸಡಿಲವಾಯಿತು. ಬೊಮ್ಮಣ್ಣ ಎದ್ದು ನಿಂತರು. ಹರಿಪ್ರಿಯಾ ಕಣ್ಣು ಮುಚ್ಚಿಕೊಂಡಳು. ಕೃಷ್ಣಮೂರ್ತಿಯವರು ನೀರಿನ ಲೋಟಕ್ಕೆ ಕೈ ಹಾಕಿ ಹೂವಿನ ಕುಂಡ ಎತ್ತಿದರು.

ರೇಷ್ಮೆ ಕೆಳಗೆ ಬಿತ್ತು. ಬೋರಕ್ಕ ಮುಖಪುಟ ನೋಡಿದಳು, ಮಗ್ಗುಲು ನೋಡಿದಳು, ಬೆರಳ ಗೆಣ್ಣಿನಿಂದ ಬಡಿದಳು. 'ಟಕ್ ಟಕ್' ಎಂದು ಮೈಕಿನಲ್ಲಿ ಇಡೀ ಊರಿಗೆ ಕೇಳಿಸಿತು. ಆಮೇಲೆ ಮುಂದಿನ ಸಾಲಿನಿಂದ ಹನುಮಂತರಾಯರು, "ಗಟ್ಟಿ ಸಂಚಿಕೆ!" ಎಂದು ಕೂಗಿ ಚಪ್ಪಾಳೆ ಶುರು ಮಾಡಿದರು. ಚಪ್ಪಾಳೆ ಹಿಂದಿನ ಸಾಲಿನವರೆಗೂ ಹೋಗಿ, ಅಲ್ಲಿಂದ ತಿರುಗಿ ಬಂತು.

ಆ ಸದ್ದಿನ ಮರೆಯಲ್ಲಿ ಬೋರಕ್ಕ ಮಗನನ್ನು ಹತ್ತಿರ ಕರೆದಳು.

"ಲೇ, ಇದು ಹಲಗೆ ಕಣೋ."

"ಹೂಂ ಅವ್ವ."

"ಮೇಲೆ ಕೂತೋರಿಗೆ ಗೊತ್ತೇನೋ?"

"ಎಲ್ರಿಗೂ ಗೊತ್ತವ್ವ."

"ಕೆಳಗೆ ಕೂತೋರಿಗೆ?"

"ಈಗ ಗೊತ್ತಾಯ್ತು."

"ಆದ್ರೂ ಚಪ್ಪಾಳೆ ಹೊಡೀತಾವ್ರಲ್ಲೋ!"

"ಹೊಡೀತಾರವ್ವ."

ಬೋರಕ್ಕ ಸಭೆಯನ್ನೊಮ್ಮೆ ನೋಡಿದಳು. ಕ್ಯಾತಣ್ಣನಂತೂ ನಿಂತುಕೊಂಡೇ ಹೊಡೆಯುತ್ತಿದ್ದ. ಹೆಗಲ ಮೇಲಿನ ಕಂಬಳಿಯನ್ನು ಸರಿಮಾಡಿಕೊಂಡು, ಹಲಗೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಫೋಟೋದವನ ಕಡೆ ತಿರುಗಿದಳು. ತುಟಿ ಅಲ್ಲಾಡಿಸದೆ ಮಗನನ್ನು ಕೇಳಿದಳು:

"ಇದನ್ನೆಲ್ಲಾ ಕಾಲೇಜಿನಾಗೇ ಕಲಿಸ್ತಾರೇನೋ?"

"ಹೂಂ ಅವ್ವ. ಮೂರು ವರ್ಷ ಹಿಡಿತೈತೆ."

"ಹಂಗಾದ್ರೆ ಎಂ.ಎ.ನೂ ಮಾಡು," ಎಂದಳು ಬೋರಕ್ಕ.